ಪೋಷಕರಿಗೆ ಪತ್ರ: ಲಂಗರ್ ಸೇವೆ ಮತ್ತು ಮಾರ್ಚ್ 14ರ ಪರಿಸರ ದಿನದ ಕುರಿತು

ಎಂಟು ಮತ್ತು ಒಂಬತ್ತನೇ ತರಗತಿಯ ಮಕ್ಕಳ ಮಾನ್ಯ ಪೋಷಕರೇ, ನಮಸ್ಕಾರಗಳು.

ಕಳೆದ ತಿಂಗಳು ಈ ಎರಡು ತರಗತಿಗಳ ಮಕ್ಕಳನ್ನು ನಮ್ಮ ಬೀದರಿನಲ್ಲಿರುವ ಸಿಖ್ಖರ ನಾನಕ್ ಝೀರಾ ಸಾಹಿಬ್ ಗುರುದ್ವಾರಕ್ಕೆ ಕರೆದುಕೊಂಡು ಹೋಗಿದ್ದ ಸಂಗತಿ ತಮಗೆ ತಿಳಿದಿದೆ. ಅಂದು ಲಂಗರ್‌ನಲ್ಲಿ (ಎಲ್ಲರಿಗೂ ಬಡಿಸುವ ಉಚಿತ ಸಾಮೂಹಿಕ ಭೋಜನದಲ್ಲಿ) ಊಟ ಮುಗಿದ ಮೇಲೆ ಮಕ್ಕಳು ಸಾಲಾಗಿ ನಿಂತು ತಟ್ಟೆ ತೊಳೆಯುತ್ತಿರುವ ಚಿತ್ರವೊಂದು ಪೋಷಕರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹರಿದಾಡಿದ ನಂತರ ಕೆಲವರು ಕಚೇರಿಗೆ ಬಂದು ಅಸಮಾಧಾನ ತೋಡಿಕೊಂಡಿದ್ದೀರಿ, ಇನ್ನು ಕೆಲವರು ಲಿಖಿತವಾಗಿಯೇ ದೂರು ಕೊಟ್ಟಿದ್ದೀರಿ. "ನಾವು ಫೀಸು ಕಟ್ಟುವುದು ಮಕ್ಕಳ ಕೈಯಲ್ಲಿ ಪಾತ್ರೆ ತಿಕ್ಕಿಸುವುದಕ್ಕಲ್ಲ" ಎಂಬ ಮಾತು ಒಂದಕ್ಕಿಂತ ಹೆಚ್ಚು ಪತ್ರಗಳಲ್ಲಿದೆ. ಬರುವ ಮಾರ್ಚ್ 14ರಂದು ಸಿಖ್ಖರ ಪರಿಸರ ದಿನಕ್ಕಾಗಿ ಅಲ್ಲಿಯೇ ಇದೇ ಬಗೆಯ ಮತ್ತೊಂದು ಕಾರ್ಯಕ್ರಮ ಗೊತ್ತಾಗಿರುವುದರಿಂದ, ಅದಕ್ಕೆ ಮೊದಲೇ ಶಾಲೆಯ ನಿಲುವನ್ನು ತಮಗೆ ಬಿಡಿಸಿ ಹೇಳುವುದು ನನ್ನ ಕರ್ತವ್ಯವೆಂದು ತಿಳಿದು ಈ ಪತ್ರ ಬರೆಯುತ್ತಿದ್ದೇನೆ.

ಸಣ್ಣ ವಿಷಯಗಳನ್ನು ಮೊದಲು ಮುಗಿಸುತ್ತೇನೆ. ಕಾರ್ಯಕ್ರಮ ಮಧ್ಯಾಹ್ನದೊಳಗೆ ಮುಗಿಯುತ್ತದೆ. ಅಂದು ಯಾವ ಪರೀಕ್ಷೆಯೂ ಇಲ್ಲ. ಗುರುದ್ವಾರದ ಒಳಗೆ ಹೋಗುವವರು ಯಾವ ಜಾತಿ, ಯಾವ ಧರ್ಮದವರಾದರೂ ಚಪ್ಪಲಿ ಬಿಟ್ಟು ತಲೆಯ ಮೇಲೆ ಬಟ್ಟೆ ಹಾಕಿಕೊಳ್ಳುವುದು ಅಲ್ಲಿಯ ಪದ್ಧತಿ, ಇನ್ನೊಬ್ಬರ ಮನೆಗೆ ಹೋದಾಗ ಆ ಮನೆಯ ರೀತಿಗೆ ನಡೆದುಕೊಳ್ಳುವ ಸೌಜನ್ಯವಷ್ಟೇ ಅದರಲ್ಲಿದೆ. ಮಕ್ಕಳ ಚಿತ್ರಗಳನ್ನು ಇನ್ನು ಮುಂದೆ ಶಿಕ್ಷಕರ ಹೊರತು ಬೇರೆಯವರು ತೆಗೆಯುವಂತಿಲ್ಲ ಎಂದು ತೀರ್ಮಾನಿಸಿದ್ದೇವೆ.

ಮಕ್ಕಳನ್ನು ಬೇರೆ ಧರ್ಮದ ಸ್ಥಳಕ್ಕೆ ಏಕೆ ಕರೆದೊಯ್ಯಬೇಕು ಎಂದು ಪ್ರಶ್ನೆ ಎತ್ತಿದವರಿಗೂ ಉತ್ತರ ಕೊಡಬೇಕು. ಮಾನ್ಯತೆ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗಾಗಲಿ ಪೂಜೆ ಪ್ರಾರ್ಥನೆಗಾಗಲಿ ಕೂರಿಸುವಂತಿಲ್ಲ ಎಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ನಾವು ಮಕ್ಕಳನ್ನು ಕರೆದೊಯ್ದದ್ದು ಪಾಠದ ಭಾಗವಾಗಿ, ಪ್ರಾರ್ಥನೆಗಲ್ಲ. ಆದರೂ ಆ ವಿಧಿಯ ಆಶಯಕ್ಕೆ ಗೌರವ ಕೊಟ್ಟು ಒಪ್ಪಿಗೆ ಪತ್ರ ಪಡೆದೇ ಹೋಗುತ್ತೇವೆ. ನಮ್ಮ ಮಕ್ಕಳು ಚೌಬಾರಾದ ಗಡಿಯಾರ, ಮಹಮೂದ್ ಗಾವಾನರ ಮದರಸಾ, ಬಸವಕಲ್ಯಾಣದ ಶರಣರ ನೆಲೆಗಳನ್ನೆಲ್ಲ ನೋಡಿದ್ದಾರೆ. ಆಗ ಯಾರೂ ಆಕ್ಷೇಪಿಸಿರಲಿಲ್ಲ. ಗುರುದ್ವಾರವೂ ಈ ಊರಿನ ಚರಿತ್ರೆಯೇ ಆಗಿದೆ. ಗುರು ನಾನಕರು ದಕ್ಷಿಣದ ಯಾತ್ರೆಯಲ್ಲಿ ಇಲ್ಲಿ ತಂಗಿದ್ದರು, ಕುಡಿಯಲು ಸಿಹಿನೀರಿಲ್ಲದ ಜನರಿಗಾಗಿ ಬಂಡೆಯ ಬುಡದಿಂದ ಝರಿಯನ್ನು ಹರಿಸಿದರು ಎಂಬುದು ಸಿಖ್ಖರ ನಂಬಿಕೆ. 1699ರಲ್ಲಿ ಆನಂದಪುರದಲ್ಲಿ ಗುರು ಗೋವಿಂದ್ ಸಿಂಗರು ದೀಕ್ಷೆ ಪಡೆದ ಸಿಖ್ಖರ ಪಂಥವಾದ ಖಾಲ್ಸಾವನ್ನು ಸ್ಥಾಪಿಸಿದಾಗ ತಲೆ ಕೊಡಲು ಮುಂದೆ ಬಂದ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗರು ಇದೇ ಬೀದರಿನ ಕ್ಷೌರಿಕ ಮನೆತನದವರು. ಪಂಜಾಬಿನ ಮಕ್ಕಳಿಗೆ ಬಾಯಿಪಾಠವಿರುವ ನಮ್ಮೂರಿನವರೊಬ್ಬರ ಹೆಸರು ನಮ್ಮ ಮಕ್ಕಳಿಗೆ ಗೊತ್ತಿಲ್ಲದಿರುವುದು ಸರಿಯೆನಿಸುವುದಿಲ್ಲ. 1988ರ ಸೆಪ್ಟೆಂಬರ್‌ನಲ್ಲಿ ಇಲ್ಲಿಗೆ ಓದಲು ಬಂದಿದ್ದ ಸಿಖ್ ವಿದ್ಯಾರ್ಥಿಗಳು ಗಲಭೆಯಲ್ಲಿ ಕೊಲೆಯಾದದ್ದನ್ನು ತಮ್ಮಲ್ಲಿ ಹಿರಿಯರು ಮರೆತಿರಲಾರರು. ಒಂದೇ ಊರಿನಲ್ಲಿದ್ದೂ ಪರಸ್ಪರ ಹೊಸ್ತಿಲು ತುಳಿಯದೆ ಬದುಕುವುದು ಒಳ್ಳೆಯದಲ್ಲ ಎಂಬ ನನ್ನ ಅಭಿಪ್ರಾಯಕ್ಕೆ ಅದೂ ಒಂದು ಕಾರಣ.

ಈಗ ಪಾತ್ರೆಯ ವಿಷಯ. ಈ ಬಗ್ಗೆ ತಮ್ಮ ಮನಸ್ಸು ನೊಂದಿರುವುದು ನನಗೆ ಅರ್ಥವಾಗುತ್ತದೆ. ಮಕ್ಕಳು ತಮ್ಮ ಸ್ವಂತ ತಟ್ಟೆ ತೊಳೆದಿದ್ದರೆ ಪ್ರಾಯಶಃ ಇಷ್ಟು ದೂರು ಬರುತ್ತಿರಲಿಲ್ಲ. ಗುರುತು ಪರಿಚಯವಿಲ್ಲದವರ ಎಂಜಲು ತಟ್ಟೆ ಮುಟ್ಟಿದರು ಎಂಬುದೇ ನಿಜವಾದ ಸಂಕಟ. ರಾಜ್ಯದ ಕೆಲವು ಶಾಲೆಗಳಲ್ಲಿ ಮಕ್ಕಳಿಂದ ಶೌಚಾಲಯ ಶುಚಿ ಮಾಡಿಸಿದ ಪ್ರಕರಣಗಳು 2023ರ ಕೊನೆಯಲ್ಲಿ ಬಯಲಿಗೆ ಬಂದು, ಇಲಾಖೆ ಅದನ್ನು ನಿಷೇಧಿಸಿ ಸುತ್ತೋಲೆ ಹೊರಡಿಸಿದ್ದನ್ನು ಒಬ್ಬ ತಂದೆಯವರು ನನಗೆ ನೆನಪಿಸಿದರು. ನೆನಪಿಸಿದ್ದು ಸರಿಯಾಗಿಯೇ ಇದೆ, ಅದಕ್ಕಾಗಿ ಅವರಿಗೆ ಕೃತಜ್ಞಳಾಗಿದ್ದೇನೆ. ಆದರೆ ಅಂಥ ಪ್ರಕರಣಗಳಲ್ಲಿ ಮಕ್ಕಳನ್ನು ಆರಿಸಿ, ಹೆದರಿಸಿ, ಉಳಿದವರು ದೂರ ನಿಂತಿರುವಾಗ ಆ ಕೆಲಸಕ್ಕೆ ಹಚ್ಚಲಾಗಿರುತ್ತದೆ. ಲಂಗರ್‌ನಲ್ಲಿ ಅಂದು ನಮ್ಮ ಶಿಕ್ಷಕರು ನಿಂತಿದ್ದರು, ನಾನೂ ನಿಂತಿದ್ದೆ, ನನ್ನ ಪಕ್ಕದಲ್ಲಿ ದೂರದ ಊರಿನಿಂದ ಕಾರು ಮಾಡಿಕೊಂಡು ಬಂದಿದ್ದ ವ್ಯಾಪಾರಸ್ಥರೊಬ್ಬರು ಅಂಗಿಯ ತೋಳು ಮಡಚಿ ನಿಂತಿದ್ದರು. ಬೇಡವೆಂದ ಇಬ್ಬರು ಮಕ್ಕಳು ಗೋಡೆಯ ಪಕ್ಕ ಕುಳಿತಿದ್ದರು, ಅವರನ್ನು ಯಾರೂ ಏನೂ ಅನ್ನಲಿಲ್ಲ.

ಅಲ್ಲಿ ನಡೆದದ್ದನ್ನು ಕಣ್ಣಾರೆ ನೋಡದವರಿಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಎಲ್ಲರೂ ನೆಲದ ಮೇಲೆ ಒಂದೇ ಪಂಕ್ತಿಯಲ್ಲಿ ಕೂರುತ್ತಾರೆ. ರೊಟ್ಟಿಯನ್ನು ಎರಡೂ ಕೈ ಒಡ್ಡಿ ಪಡೆಯಬೇಕು. ಬೇಳೆ, ಪಲ್ಯ ಎಷ್ಟು ಬೇಕಾದರೂ ಬಡಿಸುತ್ತಾರೆ, ತಟ್ಟೆಯಲ್ಲಿ ಬಿಡುವುದಕ್ಕೆ ಮಾತ್ರ ಯಾರಿಗೂ ಮನಸ್ಸು ಬಾರದು. ಉಂಡ ಸ್ಟೀಲ್ ತಟ್ಟೆಗಳು ತೊಟ್ಟಿಯ ಹತ್ತಿರ ಬಂದಾಗ ಮೊದಲನೆಯವರು ಉಳಿದ ಚೂರನ್ನು ಡ್ರಮ್ಮಿಗೆ ಕೊಡವುತ್ತಾರೆ, ಎರಡನೆಯವರು ಸೋಪಿನ ನೀರಿನಲ್ಲಿ ಉಜ್ಜುತ್ತಾರೆ, ಮುಂದಿನವರು ಒಳ್ಳೆಯ ನೀರಿನಲ್ಲಿ ಜಾಲಾಡಿಸುತ್ತಾರೆ, ಕೊನೆಯವರು ಬೆಳಕಿಗೆ ಹಿಡಿದು ನೋಡಿ, ಜಿಡ್ಡಿದ್ದರೆ ವಾಪಸು ಕೊಡುತ್ತಾರೆ. ನಮ್ಮ ಒಂಬತ್ತನೇ ತರಗತಿಯ ಹುಡುಗನೊಬ್ಬನ ತಟ್ಟೆ ಹೀಗೆ ಎರಡು ಸಲ ವಾಪಸು ಬಂತು. ಮೂರನೆಯ ಸಲ ಅವನು ಅಂಚಿನ ಮಡಿಕೆಯೊಳಗೆ ಬೆರಳಾಡಿಸಿ ಉಜ್ಜಿದ. ಅಮೃತಸರದ ಸ್ವರ್ಣಮಂದಿರದಲ್ಲಿ ದಿನವೊಂದಕ್ಕೆ ಐವತ್ತು ಸಾವಿರಕ್ಕೂ ಹೆಚ್ಚು ಮಂದಿ ಉಣ್ಣುತ್ತಾರೆ, ಅಲ್ಲಿಯೂ ತಟ್ಟೆಗಳು ಸ್ಟೀಲಿನವೇ, ತೊಳೆಯುವವರು ಹೆಚ್ಚಾಗಿ ಉಣ್ಣಲು ಬಂದವರೇ.

ಪರಿಸರದ ಪಾಠಕ್ಕೂ ಪಾತ್ರೆಗೂ ಏನು ಸಂಬಂಧ ಎಂದು ಕೇಳಿದವರಿಗೆ ನನ್ನ ಉತ್ತರ ಇಲ್ಲಿಯೇ ಇದೆ. ಕರ್ನಾಟಕದಲ್ಲಿ 2016ರಿಂದಲೇ ಪ್ಲಾಸ್ಟಿಕ್ ತಟ್ಟೆ ಲೋಟಗಳಿಗೆ ನಿಷೇಧವಿದೆ, ಇಡೀ ದೇಶದಲ್ಲಿ 2022ರ ಜುಲೈ 1ರಿಂದ ಜಾರಿಗೆ ಬಂದಿದೆ. ಹೀಗಿದ್ದೂ ಲಗ್ನದ ಹಂಗಾಮಿನಲ್ಲಿ ಯಾವ ಮಂಗಲ ಕಾರ್ಯಾಲಯದ ಹಿಂದೆ ಹೋಗಿ ನೋಡಿದರೂ ಥರ್ಮಾಕೋಲ್ ತಟ್ಟೆ, ಪ್ಲಾಸ್ಟಿಕ್ ಲೋಟಗಳ ರಾಶಿ ಬಿದ್ದಿರುತ್ತದೆ, ಅದನ್ನು ದನಗಳು ಮೇಯುತ್ತಿರುತ್ತವೆ. ಕಾನೂನು ಗೊತ್ತಿಲ್ಲವೆಂದು ಹೀಗಾಗುತ್ತಿದೆಯೆಂದು ನಾನು ಒಪ್ಪುವುದಿಲ್ಲ. ಉಂಡವರ ತಟ್ಟೆ ತೊಳೆಯಲು ಯಾರೂ ಮುಂದೆ ಬಾರದ ಕಾರಣ ಎಸೆಯುವ ತಟ್ಟೆ ಬಂದಿದೆ. ತೊಳೆಯುವುದನ್ನು ಅವಮಾನವೆಂದು ಕಲಿತ ಮಗು, ಜೂನ್ 5ರಂದು ಪ್ಲಾಸ್ಟಿಕ್ ವಿರೋಧಿ ಭಿತ್ತಿಪತ್ರ ಬರೆದು ಬಹುಮಾನ ತಂದರೂ, ನಾಳೆ ತನ್ನ ಮನೆಯ ಮದುವೆಗೆ ಎಸೆಯುವ ತಟ್ಟೆಯನ್ನೇ ತರಿಸುತ್ತದೆ. ಭಿತ್ತಿಪತ್ರದ ಸ್ಪರ್ಧೆಗಳನ್ನು ನಾವು ಪ್ರತಿವರ್ಷ ನಡೆಸುತ್ತೇವೆ, ಮುಂದೆಯೂ ನಡೆಸುತ್ತೇವೆ. ಅದರ ಬೆಲೆ ಎಷ್ಟೆಂಬುದು ನನಗೂ ಗೊತ್ತು, ತಮಗೂ ಗೊತ್ತು.

ಈ ಸಮುದಾಯದಿಂದ ಇದನ್ನೇ ಏಕೆ ಕಲಿಯಬೇಕು ಎಂದರೆ, ಅವರಲ್ಲಿ ಮಣ್ಣು ನೀರಿನ ಕಾಳಜಿ ಕೈಕೆಲಸದ ಮೂಲಕವೇ ನಡೆದು ಬಂದಿದೆ. ಗಾಳಿಯನ್ನು ಗುರುವೆಂದೂ ನೀರನ್ನು ತಂದೆಯೆಂದೂ ಭೂಮಿಯನ್ನು ತಾಯಿಯೆಂದೂ ಕಾಣುವ ಗುರು ನಾನಕರ ವಾಣಿಯನ್ನು ಅವರು ನಿತ್ಯ ಪಠಿಸುತ್ತಾರೆ. ಆದರೆ ಪಂಜಾಬಿನ ಸುಲ್ತಾನಪುರ ಲೋಧಿಯಲ್ಲಿ, ಗುರು ನಾನಕರಿಗೆ ಜ್ಞಾನೋದಯವಾಯಿತೆಂದು ನಂಬುವ ಕಾಲಿ ಬೇಯಿ ನದಿಯೇ ಊರೂರಿನ ಚರಂಡಿ ಸೇರಿ ಕೊಳೆತು ಹೋಗಿತ್ತು. ಸುಮಾರು 160 ಕಿಲೋಮೀಟರ್ ಉದ್ದದ ಆ ನದಿಗೆ 2000ನೇ ಇಸವಿಯಲ್ಲಿ ಸಂತ ಬಲಬೀರ್ ಸಿಂಗ್ ಸೀಚೇವಾಲರು ಹಳ್ಳಿಗರನ್ನು ಕಟ್ಟಿಕೊಂಡು ಇಳಿದು, ಅಂತರಗಂಗೆ ಕಳೆಯನ್ನೂ ಹೂಳನ್ನೂ ಬುಟ್ಟಿ ಬುಟ್ಟಿಯಾಗಿ ಎತ್ತಿಸಿದರು. ಗುರುದ್ವಾರಗಳಲ್ಲಿ ಕಾರ್‌ಸೇವೆ (ಎಲ್ಲರೂ ಸೇರಿ ಮಾಡುವ ಸ್ವಯಂಸೇವೆಯ ದುಡಿಮೆ) ಎಂದು ಕರೆಯುವ ಅದೇ ರೂಢಿ ನದಿಗೆ ಒದಗಿತು. ಅಮೃತಸರದಲ್ಲಿ ಪಿಂಗಲವಾಡ ಸ್ಥಾಪಿಸಿ ದಿಕ್ಕಿಲ್ಲದ ರೋಗಿಗಳನ್ನು ಸಾಕಿದ ಭಗತ್ ಪೂರಣ್ ಸಿಂಗರು ದಾರಿಯಲ್ಲಿ ಬಿದ್ದ ಕಲ್ಲು, ಮೊಳೆಗಳನ್ನು ಆಯುತ್ತ ನಡೆಯುತ್ತಿದ್ದರು, ಒಮ್ಮೆ ಬಳಸಿದ ಕಾಗದದ ಖಾಲಿ ಮಗ್ಗುಲಿನಲ್ಲಿ ಗಿಡಮರ, ಮಣ್ಣಿನ ಸವಕಳಿಯ ಬಗ್ಗೆ ಕರಪತ್ರ ಮುದ್ರಿಸಿ ಹಂಚುತ್ತಿದ್ದರು. ನಮಗೆ ಇದೇನೂ ಹೊರಗಿನ ಮಾತಲ್ಲ. ಕಾಯಕ, ದಾಸೋಹ ಎನ್ನುವ ನೆಲದಲ್ಲಿಯೇ ನಾವಿದ್ದೇವೆ, ಕಲ್ಯಾಣ ನಮ್ಮ ಜಿಲ್ಲೆಯಲ್ಲಿಯೇ ಇದೆ. ದಾಸೋಹದ ಬಗ್ಗೆ ಭಾಷಣ ಸ್ಪರ್ಧೆಯಲ್ಲಿ ಮಾತನಾಡುವ ಮಗ ದಾಸೋಹದ ತಟ್ಟೆ ತೊಳೆದರೆ ನಾವು ಏಕೆ ಕಂಗಾಲಾಗಬೇಕು ಎಂದು ತಮ್ಮನ್ನು ವಿನಯದಿಂದಲೇ ಕೇಳುತ್ತೇನೆ. ಮಗ ಎಂದು ಬರೆದದ್ದು ಬೇಕೆಂದೇ. ಬಂದ ದೂರುಗಳೆಲ್ಲವೂ ಗಂಡುಮಕ್ಕಳ ಪೋಷಕರವು. ಅದೇ ಸಾಲಿನಲ್ಲಿ ಹೆಣ್ಣುಮಕ್ಕಳೂ ಇದ್ದರು.

ಮಾರ್ಚ್ 14 ಏಳನೆಯ ಗುರು ಹರ್ ರಾಯರು ಗುರುಪೀಠಕ್ಕೆ ಬಂದ ದಿನವೆಂದು ನೆನೆದು, ಸಿಖ್ಖರು ಅದನ್ನು ಪರಿಸರ ದಿನವಾಗಿ ಆಚರಿಸುತ್ತಾರೆ. ಕೀರತ್‌ಪುರದಲ್ಲಿ ಔಷಧಿ ಗಿಡಗಳ ತೋಟ ಬೆಳೆಸಿ ರೋಗಿಗಳಿಗೆ ಮದ್ದು ಕೊಡಿಸುತ್ತಿದ್ದವರೆಂದು ಅವರ ಹೆಸರಿದೆ. ಪಂಜಾಬಿನಲ್ಲಿ ಅಂದು ಸಸಿ ನೆಡುತ್ತಾರೆ, ಅಲ್ಲಿ ಅದು ವಸಂತ. ನಮ್ಮ ಬೀದರಿನಲ್ಲಿ ಮಾರ್ಚಿನಲ್ಲಿ ನೆಟ್ಟ ಸಸಿ ಮೇ ತಿಂಗಳು ಕಾಣುವುದಿಲ್ಲ, ಆದ್ದರಿಂದ ಫೋಟೊಗಾಗಿ ಸಸಿ ನೆಡಲು ನಾನು ಒಪ್ಪಿಲ್ಲ. ಬದಲಾಗಿ ಮಕ್ಕಳು ಕಳೆದ ಮಳೆಗಾಲದಲ್ಲಿ ನೆಟ್ಟ ಗಿಡಗಳ ಪಾತಿ ಸರಿಪಡಿಸಿ, ಒಣ ಎಲೆ ಮುಚ್ಚಿ, ನೀರು ಹಾಕುತ್ತಾರೆ. ಉದುರಿದ ಹೊಂಗೆಯ ಕಾಯಿ ಆಯ್ದು ಬೀಜ ಬಿಡಿಸಿ ಜೂನ್‌ಗೆಂದು ತೆಗೆದಿಡುತ್ತಾರೆ. ನಂತರ ಗುರುದ್ವಾರದಲ್ಲಿ ಝರಿಯ ಹತ್ತಿರ ನಮ್ಮ ವಿಜ್ಞಾನ ಶಿಕ್ಷಕರು ಪಾಠ ಮಾಡುತ್ತಾರೆ. ನಮ್ಮೂರು ಕೂತಿರುವ ಕೆಂಪು ಜಂಬಿಟ್ಟಿಗೆ ಸಣ್ಣ ಸಣ್ಣ ರಂಧ್ರಗಳ ಕಲ್ಲು. ಮಳೆನೀರು ಅದರೊಳಗೆ ಇಳಿದು, ಕೆಳಗಿನ ಬಿಗಿಯಾದ ಪದರಕ್ಕೆ ತಾಗಿ, ಪ್ರಸ್ಥಭೂಮಿಯ ಅಂಚಿನಲ್ಲಿ ಝರಿಯಾಗಿ ಹೊರಡುತ್ತದೆ. ಹಾಗೆ ಇಂಗಿದ ನೀರನ್ನೇ ಬಹಮನಿ ಕಾಲದವರು ನೌಬಾದಿನ ಸುರಂಗ ಬಾವಿಯಲ್ಲಿ ನೆಲದೊಳಗೆ ಹರಿಸಿದ್ದರು. ಮೇಲೆ ಸಿಮೆಂಟು, ಪ್ಲಾಸ್ಟಿಕ್ ಹಾಸಿದರೆ ಕೆಳಗೆ ಝರಿ ಬತ್ತುತ್ತದೆ ಎಂಬುದನ್ನು ಝರಿಯ ಎದುರು ನಿಂತು ಕೇಳುವುದಕ್ಕೂ ಕಪ್ಪುಹಲಗೆಯ ಮೇಲೆ ನೋಡುವುದಕ್ಕೂ ವ್ಯತ್ಯಾಸವಿದೆ.

ಪಾಠದ ನಂತರ ಊಟ, ಊಟದ ನಂತರ ತಟ್ಟೆ ತೊಳೆಯುವ ಸೇವೆ ಇರುತ್ತದೆ. ಅದನ್ನು ಕಾರ್ಯಕ್ರಮದಿಂದ ತೆಗೆದು ಹಾಕುವುದಿಲ್ಲ ಎಂದು ಸ್ಪಷ್ಟವಾಗಿ ತಿಳಿಸುತ್ತೇನೆ. ಆದರೆ ತಮ್ಮ ಭಾವನೆಗೂ ಇಲ್ಲಿ ಜಾಗವಿದೆ: ಯಾವ ಮಗುವಿಗೂ ಒತ್ತಾಯವಿಲ್ಲ, ಒಪ್ಪದ ಮಕ್ಕಳಿಗೆ ನೀರು ಬಡಿಸುವ, ಚಾಪೆ ಸುತ್ತುವ ಕೆಲಸಗಳಿವೆ, ಅದೂ ಬೇಡವೆಂದರೆ ಸುಮ್ಮನೆ ಕುಳಿತಿರಬಹುದು. ಕೈಯಲ್ಲಿ ಗಾಯ, ಚರ್ಮದ ಅಲರ್ಜಿ ಇರುವವರನ್ನು ಸೋಪಿನ ನೀರಿನ ಹತ್ತಿರ ಬಿಡುವುದಿಲ್ಲ. ಒಪ್ಪಿಗೆ ಕೊಡದ ಮಗುವಿನ ಅಂಕಗಳ ಮೇಲಾಗಲಿ, ತರಗತಿಯಲ್ಲಿ ಅದನ್ನು ನಡೆಸಿಕೊಳ್ಳುವ ರೀತಿಯ ಮೇಲಾಗಲಿ ಇದರ ನೆರಳೂ ಬೀಳದಂತೆ ನೋಡಿಕೊಳ್ಳುವ ಹೊಣೆ ನನ್ನದು. ತಮ್ಮ ಮಕ್ಕಳ ಮಾನ ನಮ್ಮ ಶಾಲೆಯ ಮಾನವೂ ಹೌದು.

ಈ ಪತ್ರದ ಜೊತೆಗಿರುವ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ, ಹೌದು ಅಥವಾ ಬೇಡ ಎಂದು ಗುರುತಿಸಿ, ಮಾರ್ಚ್ 10ರೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಬೇಕಾಗಿ ವಿನಂತಿ.

ಮಾತನಾಡಬೇಕೆನಿಸಿದವರು ಯಾವುದೇ ಕೆಲಸದ ದಿನ ಸಂಜೆ ನಾಲ್ಕರ ನಂತರ ಕಚೇರಿಗೆ ಬರಬಹುದು. ಅಂದು ಮಕ್ಕಳ ಜೊತೆ ಬರಲು ಇಚ್ಛಿಸುವ ಪೋಷಕರಿಗೂ ತೊಟ್ಟಿಯ ಸಾಲಿನಲ್ಲಿ ಸ್ಥಳವಿದೆ. ಮುಂಚಿತವಾಗಿ ತಿಳಿಸಿದರೆ ಬಸ್ಸಿನಲ್ಲಿ ಸೀಟು ಕಾಯ್ದಿರಿಸುತ್ತೇವೆ. ಅವರೂ ತಲೆಗೆ ಹಾಕಿಕೊಳ್ಳಲು ಒಂದು ಕರವಸ್ತ್ರ ತರಬೇಕು.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ