ಕೆಟ್ಟದ್ದು ಪ್ಲೇಯರೋ, ಹೆಡ್ ಮೇಲಿನ ಕೊಳೆಯೋ?

ಸಂಪಾದಕರಿಗೆ,

ಮಾನ್ಯರೇ,

ಕಾರಿನ ಕ್ಯಾಸೆಟ್–ಸಿ.ಡಿ. ಪ್ಲೇಯರ್ ಒಂದು ದಿನ ಮಂಕಾಗಿ ಹಾಡಿದರೆ, ಇಲ್ಲವೇ ಹಾಕಿದ ಸಿ.ಡಿ.ಯನ್ನು ಹಾಗೆಯೇ ಹೊರದಬ್ಬಿದರೆ, ‘ಇದರ ಕಾಲ ಮುಗಿಯಿತು, ಕಿತ್ತು ಹೊಸ ಸ್ಕ್ರೀನ್ ಹಾಕಿಸಿ’ ಎಂಬ ಸಲಹೆ ತಕ್ಷಣ ಬರುತ್ತದೆ. ಸೆಟ್ಟನ್ನು ಬಿಚ್ಚಿಯೂ ನೋಡದೆ ಕೊಡುವ ಈ ಸಲಹೆ ಬಹಳ ಸಲ ತಪ್ಪು. ತೊಂದರೆಯ ಮೂಲ ಹೆಚ್ಚಾಗಿ ಕೊಳೆ, ಹಳತಾದ ರಬ್ಬರು ಅಥವಾ ಸಡಿಲಾದ ಸ್ಕ್ರೂ. ಹಿರಿಯರ ದನಿ, ಮಕ್ಕಳ ತೊದಲು ಮಾತು ತುಂಬಿಟ್ಟ ಕ್ಯಾಸೆಟ್‌ಗಳನ್ನು ಕೇಳಲು ಎಷ್ಟೋ ಮನೆಗಳಲ್ಲಿ ಕಾರಿನ ಈ ಪ್ಲೇಯರ್ ಬಿಟ್ಟರೆ ಬೇರೆ ಯಂತ್ರವೇ ಉಳಿದಿಲ್ಲ. ಆದ್ದರಿಂದ ಈ ಪತ್ರ.

ಮೊದಲು ಕ್ಯಾಸೆಟ್ ಭಾಗ. ದನಿ ಕಂಬಳಿ ಹೊದಿಸಿದಂತೆ ಕೇಳಿಸಿದರೆ ಇನ್ನೊಂದು ಕ್ಯಾಸೆಟ್ ಹಾಕಿ ನೋಡಿ. ಒಂದೇ ಕ್ಯಾಸೆಟ್ ಮಂಕಾಗಿದ್ದರೆ ಅದರೊಳಗೆ ಟೇಪನ್ನು ಹೆಡ್‌ಗೆ (ಟೇಪಿನಿಂದ ದನಿಯನ್ನು ಓದುವ ಲೋಹದ ಭಾಗ) ಒತ್ತುವ ಪುಟ್ಟ ಫೆಲ್ಟ್ ತುಂಡು ಉದುರಿರಬಹುದು. ಎಲ್ಲವೂ ಮಂಕಾಗಿದ್ದರೆ ಹೆಚ್ಚಾಗಿ ಹೆಡ್ ಮೇಲೆ ಕಂದು ಪುಡಿ ಕಟ್ಟಿರುತ್ತದೆ. ಅದು ಟೇಪಿನಿಂದಲೇ ಉದುರಿದ, ದನಿ ಹಿಡಿದಿಡುವ ಆಕ್ಸೈಡ್ ಲೇಪ. ಕೂದಲೆಳೆಯಷ್ಟು ಪದರವಿದ್ದರೂ ಟೇಪು ಹೆಡ್‌ನಿಂದ ದೂರ ಸರಿದು ತಾರಸ್ವರಗಳು ಮೊದಲು ಮಾಯವಾಗುತ್ತವೆ. ಇಗ್ನಿಷನ್ ಆಫ್ ಮಾಡಿ, 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿ ಹಿಂಡಿದ ಉದ್ದ ಹಿಡಿಯ ಹತ್ತಿ ಕಡ್ಡಿಯಿಂದ ಹೆಡ್ಡನ್ನೂ, ಟೇಪನ್ನು ಎಳೆಯುವ ಉಕ್ಕಿನ ಸಣ್ಣ ಕಡ್ಡಿಯನ್ನೂ (ಕ್ಯಾಪ್‌ಸ್ಟನ್) ಒರೆಸಿ. ಕಡ್ಡಿಯ ಹತ್ತಿ ಕಂದಾಗುವುದು ನಿಲ್ಲುವವರೆಗೂ ಹೊಸ ಹೊಸ ಕಡ್ಡಿ ಬಳಸಿ. ಕೈ ತಲುಪದಿದ್ದರೆ ದ್ರವ ಹಾಕಿ ಬಳಸುವ ಕ್ಲೀನಿಂಗ್ ಕ್ಯಾಸೆಟ್ ಸಾಕು. ಕ್ಯಾಪ್‌ಸ್ಟನ್‌ಗೆ ಒತ್ತಿಕೊಂಡಿರುವ ರಬ್ಬರ್ ರೋಲರ್‌ಗೆ ಮಾತ್ರ ಆಲ್ಕೊಹಾಲ್ ಪದೇ ಪದೇ ತಾಗಬಾರದು, ರಬ್ಬರು ಒಣಗಿ ಹೊಳಪೇರುತ್ತದೆ. ಸೋಪಿನ ನೀರಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಕ್ಯಾಸೆಟ್ ಹಾಕಿ. ಹೊಳೆಯುವ, ಬಿರುಕು ಬಿಟ್ಟ ರೋಲರ್ ಇದ್ದರೆ ಬದಲಿಸುವುದೇ ಸರಿ.

ಟೇಪನ್ನು ‘ನುಂಗುವ’ ಕಾಯಿಲೆಗೂ ಇದೇ ಬೇರು. ಕ್ಯಾಪ್‌ಸ್ಟನ್ ಟೇಪನ್ನು ಸೆಕೆಂಡಿಗೆ 4.76 ಸೆಂ.ಮೀ.ನಂತೆ ಮುಂದೆ ತಳ್ಳುತ್ತಲೇ ಇರುತ್ತದೆ. ಆದರೆ ಅದನ್ನು ಸುತ್ತಿಕೊಳ್ಳಬೇಕಾದ ಗಾಲಿಯು, ತಿರುಗಿಸುವ ಬೆಲ್ಟು ಜೋತುಬಿದ್ದ ಕಾರಣ, ನಿಂತಿರುತ್ತದೆ. ಉಳಿದ ಟೇಪು ಅಂಟಂಟಾದ ರೋಲರ್‌ಗೆ ಸುತ್ತಿಕೊಳ್ಳುತ್ತದೆ. ಆಗ ಎಜೆಕ್ಟ್ ಗುಂಡಿಯನ್ನು ಮತ್ತೆ ಮತ್ತೆ ಒತ್ತಬೇಡಿ, ಕ್ಯಾಸೆಟ್ ಹಿಡಿದು ಜಗ್ಗಲೂ ಬೇಡಿ. ಸೆಟ್ ಹೊರತೆಗೆದು, ಮೇಲಿನ ಮುಚ್ಚಳ ಬಿಚ್ಚಿ, ಫ್ಲೈವೀಲನ್ನು (ಕ್ಯಾಪ್‌ಸ್ಟನ್‌ಗೆ ಜೋಡಿಸಿದ ಭಾರದ ಚಕ್ರ) ಬೆರಳಿನಿಂದ ಹಿಂದಕ್ಕೆ ತಿರುಗಿಸುತ್ತಾ ಟೇಪನ್ನು ಬಿಡಿಸಿ, ಪೆನ್ಸಿಲಿನಿಂದ ಕ್ಯಾಸೆಟ್‌ಗೆ ಸುತ್ತಿಬಿಡಿ. ತೀರಾ ಮುದುಡಿದ ಭಾಗವನ್ನು ಕತ್ತರಿಸುವುದಾದರೆ ಧೈರ್ಯವಾಗಿ ಕತ್ತರಿಸಿ: 5 ಸೆಂ.ಮೀ. ಹೋದರೆ ಹೋಗುವುದು ಒಂದು ಸೆಕೆಂಡಿನ ಹಾಡಷ್ಟೇ. ಜೋಡಿಸಲು ಟೇಪಿಗೆಂದೇ ಇರುವ ಸ್ಪ್ಲೈಸಿಂಗ್ ಟೇಪನ್ನು, ಹೆಡ್‌ಗೆ ತಾಗದ ಬದಿಯಲ್ಲಿ ಅಂಟಿಸಿ. ಸಾಮಾನ್ಯ ಸೆಲ್ಲೋಟೇಪಿನ ಗೋಂದು ಕಾರಿನ ಬಿಸಿಗೆ ಕರಗಿ ಪಕ್ಕದ ಸುತ್ತುಗಳಿಗೂ ಹಿಡಿಯುತ್ತದೆ.

120 ನಿಮಿಷದ ಕ್ಯಾಸೆಟ್‌ಗಳನ್ನು ಕಾರಿಗೆ ತರಲೇಬೇಡಿ. 60 ನಿಮಿಷದ ಟೇಪಿನ ದಪ್ಪ ಸುಮಾರು 18 ಮೈಕ್ರಾನ್, 120ರದ್ದು ಅದರರ್ಧ. ಮೊದಲು ಸಿಕ್ಕಿಹಾಕಿಕೊಳ್ಳುವುದು ಅದೇ.

ಒಂದು ದಿಕ್ಕಿನಲ್ಲಿ ಸ್ಪಷ್ಟವಾಗಿ ಹಾಡಿ, ಆಟೋ ರಿವರ್ಸ್ ಆದೊಡನೆ ಮಂಕಾಗುವ ಸೆಟ್‌ನಲ್ಲಿ ಹೆಡ್‌ನ ಓರೆ ತಪ್ಪಿರುತ್ತದೆ. ಹೆಡ್ ಪಕ್ಕದ ಪುಟ್ಟ ಸ್ಕ್ರೂವನ್ನು, ಕಂಪನಿಯಲ್ಲೇ ಮುದ್ರಿತವಾದ ಒಳ್ಳೆಯ ಕ್ಯಾಸೆಟ್ ಕೇಳುತ್ತಾ, ಕಾಲು ಸುತ್ತಿಗಿಂತ ಹೆಚ್ಚಾಗದಂತೆ ತಿರುಗಿಸಬೇಕು. ಮನೆಯಲ್ಲಿ ತುಂಬಿಸಿದ ಕ್ಯಾಸೆಟ್‌ಗೆ ಹೊಂದಿಸಿದರೆ ಉಳಿದವೆಲ್ಲ ಕೆಡುತ್ತವೆ.

ಸಿ.ಡಿ.ಯ ವಿಷಯದಲ್ಲಿ ಹೆಚ್ಚು ಹಾನಿ ಮಾಡುವುದು ಒರೆಸುವ ರೀತಿಯೇ. ಡಿಸ್ಕ್‌ನಲ್ಲಿ ಸುಮಾರು 2.5 ಮಿ.ಮೀ. ಉದ್ದದ ಮಾಹಿತಿ ಅಳಿಸಿದರೂ ಪ್ಲೇಯರ್ ಅದನ್ನು ಲೆಕ್ಕ ಹಾಕಿ ತುಂಬಿಕೊಳ್ಳುತ್ತದೆ. ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿದಾಗ ಬೀಳುವ ಗೀರು ಮಾಹಿತಿಯ ಸುರುಳಿ ಹಾದಿಯನ್ನು ಅಡ್ಡ ಕತ್ತರಿಸುತ್ತದೆ, ಪ್ರತಿ ಸುತ್ತಿನಲ್ಲೂ ಹಾಳಾಗುವುದು ಚೂರೇ ಚೂರು. ತಟ್ಟೆ ತೊಳೆದಂತೆ ಗುಂಡಗೆ ಒರೆಸಿದರೆ ಗೀರು ಹಾದಿಯ ಉದ್ದಕ್ಕೂ ಸಾಗಿ, ಆ 2.5 ಮಿ.ಮೀ. ಮಿತಿ ದಾಟಿ, ಹಾಡು ಜಿಗಿಯುತ್ತದೆ. ಇನ್ನೊಂದು ತಪ್ಪು ತಿಳಿವಳಿಕೆ: ಹೊಳೆಯುವ ಬದಿಯೇ ನಾಜೂಕು ಎಂಬುದು. ಲೇಸರ್ ಓದುವ ಪದರ ಇರುವುದು ಹೆಸರು ಅಚ್ಚಾದ ಬದಿಗೆ ತೀರಾ ಹತ್ತಿರ. ಅದರ ಮೇಲಿರುವುದು ತೆಳು ವಾರ್ನಿಷ್ ಮಾತ್ರ. ಕೆಳಗಿನ ಗೀರನ್ನು ಪಾಲಿಶ್ ಮಾಡಬಹುದು, ಮೇಲೆ ಬಾಲ್‌ಪೆನ್ನಿನಿಂದ ಬರೆದು ಆದ ಗಾಯಕ್ಕೆ ಮದ್ದಿಲ್ಲ. ಕಾಗದದ ಲೇಬಲ್ ಅಂಟಿಸಿದ ಡಿಸ್ಕ್ ಕಾರಿನ ಬಿಸಿಗೆ ಸುಲಿದು ಒಳಗೇ ಸಿಕ್ಕಿಕೊಳ್ಳುತ್ತದೆ. 8 ಸೆಂ.ಮೀ.ನ ಪುಟ್ಟ ಡಿಸ್ಕ್‌ಗಳನ್ನು ಸೀಳುಬಾಯಿಯ ಸೆಟ್‌ಗೆ ಹಾಕಬಾರದು.

ಅಂಗಡಿಯ ಸಿ.ಡಿ. ಹಾಡಿ, ಮನೆಯಲ್ಲಿ ಬರೆದದ್ದು ಹಾಡದಿದ್ದರೆ ಸೆಟ್ಟನ್ನು ಬೈಯಬೇಡಿ. ಮತ್ತೆ ಮತ್ತೆ ಬರೆಯಬಹುದಾದ ಡಿಸ್ಕ್ ಬೆಳಕನ್ನು ತೀರಾ ಕಡಿಮೆ ಪ್ರತಿಫಲಿಸುವುದರಿಂದ ಹಳೆಯ ಪ್ಲೇಯರ್‌ಗಳು ಅದನ್ನು ಕಾಣುವುದೇ ಇಲ್ಲ. ಒಮ್ಮೆ ಮಾತ್ರ ಬರೆಯುವ ಡಿಸ್ಕ್‌ನಲ್ಲಿ, ನಿಧಾನ ವೇಗದಲ್ಲಿ, ಆಡಿಯೊ ಸಿ.ಡಿ. ಆಗಿಯೇ ಬರೆದು ನೋಡಿ. ಎಲ್ಲ ಡಿಸ್ಕ್‌ಗಳೂ ತಡವರಿಸಿದರೆ ಲೆನ್ಸ್ ಮೇಲೆ ಧೂಳಿರಬಹುದು. ಬ್ರಶ್ ಇರುವ ಕ್ಲೀನಿಂಗ್ ಡಿಸ್ಕ್ ಒಂದೆರಡು ಸಲ ಹಾಕಿ, ಅದಕ್ಕಿಂತ ಹೆಚ್ಚು ಬೇಡ. ಚಳಿಯ ಬೆಳಿಗ್ಗೆ ಹೀಟರ್ ಹಾಕಿದಾಗ ಲೆನ್ಸ್ ಮೇಲೆ ಮಂಜು ಕೂತಿರುತ್ತದೆ; ಸುಮಾರು ಒಂದು ಗಂಟೆ ಕಾಯುವುದೇ ಅದಕ್ಕೆ ಪರಿಹಾರ. ರಸ್ತೆಯ ಉಬ್ಬುಗಳಲ್ಲಿ ಮಾತ್ರ ಜಿಗಿದರೆ ಸೆಟ್‌ನ ಹಿಂಬದಿಯ ಆಧಾರ ಪಟ್ಟಿಯ ಸ್ಕ್ರೂ ನೋಡಿ. ಮುಂದಿನ ಚೌಕಟ್ಟೊಂದರಲ್ಲೇ ನೇತಾಡುವ ಸೆಟ್ ಕುಣಿಯದೆ ಇನ್ನೇನು ಮಾಡೀತು?

ಸೆಟ್ ಪೂರ್ತಿ ಸತ್ತಂತಿದ್ದರೆ ಹಿಂಬದಿಯ ಫ್ಯೂಸ್ ನೋಡಿ, ಅದರ ಮೇಲೆ ಬರೆದಿರುವಷ್ಟೇ ಆಂಪಿಯರ್‌ನದ್ದನ್ನು ಹಾಕಿ. ಕೀಲಿ ತೆಗೆದಾಗಲೆಲ್ಲ ಗಡಿಯಾರ, ಸ್ಟೇಷನ್‌ಗಳು ಮರೆತುಹೋದರೆ ಬ್ಯಾಟರಿಯಿಂದ ಸದಾ ಬರುವ ಹಳದಿ ತಂತಿಯೂ ಇಗ್ನಿಷನ್‌ನ ಕೆಂಪು ತಂತಿಯೂ ಅದಲುಬದಲಾಗಿರಬಹುದು. ಕೆಲಸಕ್ಕೆ ಕೈಹಾಕುವ ಮುನ್ನ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಬೇಕು. ಅದಕ್ಕೂ ಮುನ್ನ ಸೆಟ್‌ನ ಭದ್ರತಾ ಕೋಡ್ ಕೈಯಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಕೋಡ್ ಕೇಳುವ ಸೆಟ್‌ಗಳು ಅದಿಲ್ಲದೆ ಬಾಯಿ ಬಿಡುವುದಿಲ್ಲ.

ರಿಪೇರಿ ಮಾಡುವವರಲ್ಲಿ ಒಂದು ವಿನಂತಿ. ಎರಡೂ ಇರುವ ಸೆಟ್‌ಗಳಲ್ಲಿ ಕ್ಯಾಸೆಟ್ ಯಂತ್ರ ಬೇರೆ, ಸಿ.ಡಿ. ಯಂತ್ರ ಬೇರೆ. ಲೇಸರ್ ಸವೆದಿದ್ದರೂ ಕ್ಯಾಸೆಟ್ ಭಾಗ ಚೆನ್ನಾಗಿರಬಹುದು. ಯಾವುದು ಕೆಟ್ಟಿದೆ, ಯಾವುದು ಉಳಿದಿದೆ ಎಂದು ಗ್ರಾಹಕರಿಗೆ ಬಿಡಿಸಿ ಹೇಳಿ. ಓದುಗರು ಕೀಲಿ ತೆಗೆಯುವ ಮೊದಲು ಕ್ಯಾಸೆಟ್ ಎಜೆಕ್ಟ್ ಮಾಡಿಬಿಡಿ. ಹಳೆಯ ಸೆಟ್‌ಗಳಲ್ಲಿ ರೋಲರ್ ರಾತ್ರಿಯಿಡೀ ಒತ್ತಿಕೊಂಡೇ ಇದ್ದರೆ ರಬ್ಬರಿನಲ್ಲಿ ಕುಳಿ ಬಿದ್ದು, ಮರುದಿನದಿಂದ ಹಾಡು ಅಲುಗತೊಡಗುತ್ತದೆ.

ಇಂತಿ,
ಒಬ್ಬ ಓದುಗ