ಕಕ್ಕಡದಲ್ಲಿ ಮನೆಗೆ ಬೀಗ ಹಾಕುವ ಮುನ್ನ

ಮಡಿಕೇರಿ

ಪ್ರಿಯ ಪೂವಯ್ಯ,

ಮಗಳ ಬಾಣಂತನಕ್ಕೆ ನೀನೂ ತಂಗಮ್ಮನೂ ಪುಣೆಗೆ ಹೊರಟಿರೋದು ಕೇಳಿ ಖುಷಿಯಾಯ್ತು. ಆದರೆ ಹೊರಡೋದು ಕಕ್ಕಡಕ್ಕೆ, ಅಂದರೆ ಜುಲೈ ನಡುವಿನಲ್ಲಿ ಶುರುವಾಗೋ ನಮ್ಮ ಜಡಿಮಳೆಯ ತಿಂಗಳಿಗೆ, ವಾಪಸ್ ಬರೋದು ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ. ಕೊಡಗಿನ ಮನೆಯನ್ನು ಯಾವಾಗ ಖಾಲಿ ಬಿಡಬಾರದೋ ಸರಿಯಾಗಿ ಆವಾಗಲೇ. ಮೊಮ್ಮಗು ಮಳೆಗಾಲ ನೋಡಿಕೊಂಡು ಹುಟ್ಟುತ್ತಾ, ಬಿಡು. ಫೋನಿನಲ್ಲಿ ನೀನು ಹೇಳಿದ ಸಿದ್ಧತೆಯೆಲ್ಲ ಕಳ್ಳರಿಗೇ ಇತ್ತು: ಹೊಸ ಬೀಗ, ಗೇಟಿಗೆ ಲೈಟು, ಕ್ಯಾಮೆರಾ. ಕರೆಂಟ್ ಹೋದ ಮೇಲೆ ಆ ಕ್ಯಾಮೆರಾನೂ ಕುರುಡೇ, ಅದು ಬೇರೆ ಮಾತು. ನೀರಿನ ಸುದ್ದಿ ಮಾತ್ರ ನೀನು ಎತ್ತಲೇ ಇಲ್ಲ. ಮಳೆಗಾಲದಲ್ಲಿ ಮನೆ ಮುಚ್ಚಿ ಮಕ್ಕಳ ಊರಿಗೆ ಹೋಗೋರು ನಮ್ಮಲ್ಲಿ ಇನ್ನೂ ಸುಮಾರು ಜನ ಇದ್ದಾರೆ, ಹಾಗಾಗಿ ನಿನಗೆ ಬರೆದಿದ್ದನ್ನು ಎಲ್ಲರೂ ಓದಲಿ ಅಂತ ಬಹಿರಂಗವಾಗಿಯೇ ಹಾಕಿದ್ದೇನೆ.

ಜನ ಇರೋ ಮನೆಯಲ್ಲಿ ಸೋರಿಕೆ ಅಂಥ ದೊಡ್ಡ ಸಂಗತಿಯಲ್ಲ. ಬಕೆಟ್ ಇಟ್ಟು, ನೆಲ ಒರೆಸಿ, ಪ್ಲಂಬರ್‌ಗೆ ಫೋನ್ ಮಾಡಿದರೆ ಮುಗೀತು. ಬೀಗ ಹಾಕಿದ ಮನೆಯಲ್ಲಿ ಅದೇ ಸೋರಿಕೆಗೆ ಇಡೀ ತಿಂಗಳು ಬಿಡುವು ಸಿಗುತ್ತೆ. ನಮ್ಮ ಬೀದಿಯ ಮನೆಯೊಂದರಲ್ಲಿ ಹೀಗೇ ಆಯ್ತು. ಕಮೋಡ್ ಪಕ್ಕದ ಹೆಲ್ತ್ ಫಾಸೆಟ್ ಪೈಪ್ ಬಿರಿದಿತ್ತು. ಗೋಡೆಯಲ್ಲಿರೋ ಆಂಗಲ್ ಕಾಕ್ ಮುಚ್ಚೋ ಅಭ್ಯಾಸ ನಮಗ್ಯಾರಿಗೂ ಇಲ್ಲವಲ್ಲ. ಕೈಯಲ್ಲಿನ ಗುಂಡಿ ಬಿಟ್ಟರೆ ನೀರು ನಿಂತಿತು ಅಂದ್ಕೋತೀವಿ, ಆದರೆ ಟ್ಯಾಂಕಿನ ಒತ್ತಡ ಹಗಲೂ ರಾತ್ರಿ ಆ ತೆಳ್ಳಗಿನ ಪೈಪಿನೊಳಗೇ ಕೂತಿರುತ್ತೆ. ಬಾಗಿಲ ಸಂದಿಯಿಂದ ಮೆಟ್ಟಿಲಿಗೆ ನೀರಿಳಿದಾಗಲೇ ಪಕ್ಕದವರಿಗೆ ಗೊತ್ತಾಗಿದ್ದು. ಬೀಗ ತೆಗೆದರೂ ಬಾಗಿಲು ಬರಲಿಲ್ಲ, ಮರ ಊದಿ ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಒಳಗೆ ವಾರ್ಡ್‌ರೋಬಿನ ಪ್ಲೈವುಡ್ ಕೆಳಗಿಂದ ಪದರ ಪದರವಾಗಿ ಬಿಚ್ಚಿಕೊಂಡಿತ್ತು. ಇಷ್ಟಕ್ಕೆಲ್ಲ ಕಾರಣ ಬೆರಳು ದಪ್ಪದ ಒಂದು ಪೈಪು.

ಆದ್ದರಿಂದ ಸಿಂಕಿನ ಕೆಳಗಿನದು, ವಾಷಿಂಗ್ ಮೆಷಿನ್ ಹಿಂದಿನದು ಅಂತ ಒಂದೊಂದೇ ಕಾಕ್ ಹುಡುಕುತ್ತಾ ಹೋಗೋ ಬದಲು ಟ್ಯಾಂಕಿನಿಂದ ಮನೆಗೆ ಇಳಿಯೋ ಲೈನಿನ ವಾಲ್ವನ್ನೇ ಮುಚ್ಚು. ಅದನ್ನು ಹೊರಡೋ ಬೆಳಿಗ್ಗೆಗೆ ಮಾತ್ರ ಇಟ್ಕೋಬೇಡ. ನಿನ್ನದು ಹಿತ್ತಾಳೆಯ ಹಳೇ ಗೇಟ್ ವಾಲ್ವ್, ವರ್ಷಗಟ್ಟಲೆ ಕೈ ಮುಟ್ಟಿಲ್ಲ. ಅಂಥವು ಒಂದೋ ತಿರುಗೋದಿಲ್ಲ, ಇಲ್ಲ ತಿರುಗಿದರೂ ಪೂರ್ತಿ ಮುಚ್ಚೋದಿಲ್ಲ. ನಾಲ್ಕೈದು ದಿನ ಮೊದಲೇ ಮುಚ್ಚಿ, ಕೆಳಗಿನ ಒಂದು ತಣ್ಣೀರಿನ ನಲ್ಲಿ ತೆರೆದು ನೋಡು. ಪೈಪಿನಲ್ಲಿ ಉಳಿದಿದ್ದು ಹರಿದು ಸ್ವಲ್ಪ ಹೊತ್ತಿಗೆ ನಿಲ್ಲಬೇಕು. ದಾರದಷ್ಟು ಸಣ್ಣಗೆ ಬರ್ತಾನೇ ಇದ್ದರೆ ವಾಲ್ವ್ ಹಿಡೀತಿಲ್ಲ ಅಂತ ಅರ್ಥ. ಹಿಡಿಯನ್ನು ಕಾಲು ಸುತ್ತು ತಿರುಗಿಸಿದರೆ ಮುಚ್ಚೋ ಬಾಲ್ ವಾಲ್ವ್ ಹಾಕಿಸಿಬಿಡು. ಹಿಡಿ ಪೈಪಿಗೆ ಅಡ್ಡ ಇದ್ದರೆ ಮುಚ್ಚಿದೆ, ಉದ್ದಕ್ಕೆ ಇದ್ದರೆ ತೆರೆದಿದೆ, ದೂರದಿಂದಲೇ ಗೊತ್ತಾಗುತ್ತೆ. ಬಿಸಿನೀರಿನ ನಲ್ಲಿ ಮಾತ್ರ ತೆರೀಬೇಡ. ಸೋಲಾರ್ ಟ್ಯಾಂಕ್ ಬರಿದಾದರೆ, ಮಳೆ ಬಿಟ್ಟು ಬಿಸಿಲು ಬಂದ ದಿನ ಗಾಜಿನ ಕೊಳವೆಗಳು ನೀರಿಲ್ಲದೆ ಕಾಯುತ್ತವೆ. ನೀನು ಬಂದು ತಣ್ಣೀರು ಬಿಟ್ಟ ಕೂಡಲೇ ಒಡೆಯೋ ಸಾಧ್ಯತೆ ಇದೆ. ಗೀಸರ್ ಸ್ವಿಚ್ಚೂ ಆರಿಸು.

ನಿನ್ನ ಮನೆಯದೇ ಒಂದು ವಿಶೇಷ ತೊಂದರೆ ಇದೆ. ಪೇಟೆಯಲ್ಲಿ ನಮ್ಮದು 1,000 ಲೀಟರ್ ಟ್ಯಾಂಕ್. ಪೈಪ್ ಒಡೆದು ನಿಮಿಷಕ್ಕೆ 10 ಲೀಟರ್ ಹರಿದರೂ ಎರಡು ಗಂಟೆಯೊಳಗೆ ಟ್ಯಾಂಕ್ ಖಾಲಿ, ಮೋಟಾರ್ ಆಫ್ ಇದ್ದರೆ ಹಾನಿ ಅಲ್ಲಿಗೆ ನಿಂತಿತು. ನಿನ್ನದು ಕೊಲ್ಲಿಯಿಂದ, ಅಂದರೆ ಗುಡ್ಡದ ತೊರೆಯಿಂದ, ಕರಿ ಪೈಪಿನಲ್ಲಿ ತಾನಾಗಿ ಇಳಿದು ಬರೋ ನೀರು. ಅದಕ್ಕೆ ಕರೆಂಟೂ ಬೇಡ, ಮೋಟಾರೂ ಬೇಡ, ಆಫ್ ಮಾಡೋಕೆ ಸ್ವಿಚ್ಚೂ ಇಲ್ಲ. ಅದೇ 10 ಲೀಟರ್ ಲೆಕ್ಕ ಹಿಡಿದರೆ ದಿನಕ್ಕೆ 14,400 ಲೀಟರ್. ಹಾಗಾಗಿ ಮನೆ ವಾಲ್ವ್ ಸಾಲದು, ಮೇಲೆ ಕೊಲ್ಲಿ ಹತ್ತಿರವೇ ಪೈಪಿನ ಬಾಯಿ ನೀರಿನಿಂದ ಎತ್ತಿಟ್ಟುಬಿಡು. ಜಿಗಣೆಗೆ ಹೆದರಿ ಮುಂದೂಡಬೇಡ ಮಾರಾಯ, ಸುಣ್ಣ-ಹೊಗೆಸೊಪ್ಪು ಹಚ್ಚಿಕೊಂಡು ಹೋಗು.

ಇದನ್ನು ಇಷ್ಟು ಒತ್ತಿ ಹೇಳೋದು ಮನೆ ಹಿಂದಿನ ಬರೆಗೋಸ್ಕರ, ಅಂದರೆ ಗುಡ್ಡ ಕಡಿದ ಕಡಿದಾದ ಮಣ್ಣಿನ ಗೋಡೆಗೋಸ್ಕರ. ಟ್ಯಾಂಕ್ ತುಂಬಿ ಹೊರಚೆಲ್ಲೋ ನೀರು ಎಲ್ಲಿಗೆ ಬೀಳುತ್ತೆ ಅಂತ ಯಾವತ್ತಾದರೂ ನಿಂತು ನೋಡಿದ್ದೀಯಾ? ನಾನು ಕಂಡ ಹಾಗೆ ಸೀದಾ ಬರೆಯ ನೆತ್ತಿಗೇ. ಮಳೆಯಲ್ಲಿ ಮೊದಲೇ ನೆನೆದು ಭಾರವಾದ ಮಣ್ಣಿಗೆ ನಾವೇ ಬೇರೆ ಹಗಲಿರುಳು ನೀರು ಕುಡಿಸೋದು! 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದ್ದನ್ನು ನೋಡಿದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಹೊರಚೆಲ್ಲೋ ಪೈಪನ್ನು ಉದ್ದ ಮಾಡಿ ಕಲ್ಲು ಕಟ್ಟಿದ ಚರಂಡಿಗೇ ಬಿಡಿಸು. ತಡೆಗೋಡೆಯಲ್ಲಿ ನೀರು ಬಸಿಯೋಕೆ ಬಿಟ್ಟ ತೂತುಗಳಿಗೆ ಮಣ್ಣು, ಬೇರು ಕಟ್ಟಿಕೊಂಡಿರುತ್ತೆ, ಒಂದು ಕಂಬಿ ಹಾಕಿ ಬಿಡಿಸು. ಹಿತ್ತಲ ಚರಂಡಿಯ ಹೂಳೂ ತೆಗೆಸು.

ಇನ್ನು ಮಳೆ. ತೋಟದ ಮಳೆಯನ್ನು ಇಂಚು, ಸೆಂಟಿನ (ಇಂಚಿನ ನೂರರಲ್ಲೊಂದು ಪಾಲು) ಲೆಕ್ಕದಲ್ಲಿ ಬರೆದಿಡೋ ಮನುಷ್ಯ ನೀನು, ಅದೇ ಲೆಕ್ಕವನ್ನು ಮಾಡಿಗೂ ಹಾಕು. 1,000 ಚದರಡಿ ಮಾಡಿನ ಮೇಲೆ 1 ಇಂಚು ಮಳೆ ಅಂದರೆ 2,300 ಲೀಟರ್ ಮೀರುತ್ತೆ. 5 ಇಂಚು ಸುರಿದ ದಿನ 11,000 ಲೀಟರ್ ದಾಟಿತು. ಅಷ್ಟೂ ನೀರು ಹೋಗಬೇಕಾದ್ದು ಅಂಗೈ ಅಗಲದ ತಗಡಿನ ದಾರಿಯಲ್ಲಿ. ಅಲ್ಲಿ ನಾಲ್ಕು ಸಿಲ್ವರ್ ಓಕ್ ಎಲೆ, ಒಂದು ಮುಷ್ಟಿ ಪಾಚಿ ಕೂತರೆ ನೀರು ಹಿಂದಕ್ಕೆ ತಿರುಗಿ ಹೆಂಚಿನ ಅಡಿಯಿಂದ ಒಳಗೆ ಬರುತ್ತೆ. ಎರಡು ಮಾಡು ಕೂಡೋ ಮೂಲೆಯ ತಗಡು, ಹಿಂದೆ ಸೇರಿಸಿ ಕಟ್ಟಿದ ಅಡಿಗೆಮನೆಯ ತಾರಸಿಯಿಂದ ನೀರು ಹೊರಹೋಗೋ ತೂತು ಇವೆರಡನ್ನೂ ಹೊರಡೋ ಹಿಂದಿನ ದಿನವೇ ಶುಚಿ ಮಾಡಿಸು, ತಿಂಗಳ ಮೊದಲು ಮಾಡಿಸಿದ್ದು ಲೆಕ್ಕಕ್ಕಿಲ್ಲ. ಸರಿದ ಹೆಂಚು ಹುಡುಕೋಕೆ ಏಣಿ ಬೇಡ. ಹಗಲು ಹೊತ್ತಿನಲ್ಲಿ ಅಟ್ಟ ಹತ್ತಿ ಲೈಟ್ ಆರಿಸು, ಬೆಳಕು ತೂರಿ ಬರೋ ಕಡೆಯೆಲ್ಲ ನೀರೂ ಬರುತ್ತೆ. ಹೆಂಚು ಸರಿಸೋ ಮಂಗಗಳಿಗೆ ಏನು ಮಾಡಬೇಕೋ ನನಗಂತೂ ಹೊಳೀತಿಲ್ಲ.

ಬೂಸ್ಟಿನ ವಿಷಯ ತಂಗಮ್ಮನಿಗೆ ನನಗಿಂತ ಚೆನ್ನಾಗಿ ಗೊತ್ತು. ಕುಪ್ಯ (ಕೊಡವ ಗಂಡಸರ ನಿಲುವಂಗಿ), ರೇಷ್ಮೆ ಸೀರೆ, ತೋಟದ ಕಾಗದಪತ್ರ ಎಲ್ಲ ನೆಲಬಿಟ್ಟು ಮೇಲಿರಲಿ, ಕಪಾಟಿನ ಬಾಗಿಲು ಒಂಚೂರು ತೆರೆದಿರಲಿ. ಫ್ರಿಜ್ ಖಾಲಿ ಮಾಡಿ ಆರಿಸಿ ಬಾಗಿಲು ತೆರೆದಿಡಿ. ಫ್ರೀಜರಲ್ಲಿ ಹಂದಿಮಾಂಸ ಇಟ್ಟು ಮಾತ್ರ ಹೋಗಬೇಡಿ. ಗಾಳಿಗೆ ಮರ ಬಿದ್ದು ಲೈನ್ ಹೋದರೆ ಕರೆಂಟ್ ಬರೋಕೆ ಎಷ್ಟು ದಿನ ಅಂತ ಹೇಳೋರು ಯಾರು? ಅದಕ್ಕಿಂತ ನಮ್ಮನೆಗೆ ಕೊಡಿ.

ವಿಮೆ ಇದೆ ಅಂದಿದ್ದೆ. 2021ರ ಏಪ್ರಿಲ್‌ನಿಂದ ಬಂದ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಪ್ರವಾಹ, ಭೂಕುಸಿತದ ಜೊತೆಗೆ ನೀರಿನ ಟ್ಯಾಂಕ್, ಪೈಪ್ ಒಡೆದು ಆಗೋ ಹಾನಿಯೂ ಸೇರಿದೆ. ನಿನ್ನದು ಅದೇನಾ, ಹಳೇದಾ ನೋಡು. ಮನೆ ತಿಂಗಳಿಗಿಂತ ಹೆಚ್ಚು ಖಾಲಿ ಇದ್ದರೆ ಏನು ಷರತ್ತು ಅನ್ನೋದನ್ನೂ ಈಗಲೇ ಕೇಳ್ಕೋ.

ನನ್ನ ಕೇಳಿದರೆ ಇದೆಲ್ಲಕ್ಕಿಂತ ಮುಖ್ಯ, ವಾರಕ್ಕೆ ಎರಡು ಸಲ ಒಳಗೆ ಕಾಲಿಡೋ ಒಬ್ಬ ಮನುಷ್ಯ. ನಿಮ್ಮ ತೋಟದ ಲೆಕ್ಕ ಬರೆಯೋ ರೈಟರ್‌ಗೆ ಕೀಲಿ ಕೊಡು. ಬರೀ 'ಮನೆ ಕಡೆ ನೋಡ್ಕೋ' ಅಂದರೆ ಆತ ಗೇಟಿನಿಂದ ನೋಡಿ ಹೋಗ್ತಾನೆ. ಜೊತೆಯಲ್ಲಿ ಕರೆದುಕೊಂಡು ಹೋಗಿ ಸಿಂಕಿನ ಕೆಳಗೆ, ಅಟ್ಟದ ಮೂಲೆ, ಬರೆಯ ಚರಂಡಿ ಎಲ್ಲ ತೋರಿಸು. ವಾಲ್ವಿನ ಹಿಡಿಗೆ ಕೆಂಪು ಪೇಂಟ್ ಬಳಿದು ಫೋಟೋ ಕಳಿಸು. ಒಳಗೆ ನೀರು ನಿಂತಿದ್ದರೆ ಮೊದಲು ಹೊರಗಿನ ಮೀಟರ್ ಬೋರ್ಡಿನಲ್ಲಿ ಮೇನ್ ಆಫ್ ಮಾಡಿ ಆಮೇಲೆ ಕಾಲಿಡು ಅಂತ ಎರಡು ಸಲ ಹೇಳು. ಬರೆಯಲ್ಲಿ ಬಿರುಕು ಕಂಡರೆ, ಕೆಸರು ನೀರು ಒಸರಿದರೆ ಮನೆಯೊಳಗೆ ಹೋಗಲೇಬಾರದು, ನನಗೆ ಫೋನ್ ಮಾಡಲಿ.

ಇನ್ನೊಂದು ಕೀಲಿ ನನಗಿರಲಿ. ಶುಕ್ರವಾರ ಸಂತೆಗೆ ಬಂದಾಗ ಮನೆಗೆ ಬಾ. ವಾಲ್ವ್ ಬದಲಾಯಿಸೋದಾದರೆ ಪೈಪಿನ ಅಳತೆ ಬರೆದುಕೊಂಡೇ ಬಾ, ಅಂಗಡಿಗೆ ಜೊತೆಗೇ ಹೋಗೋಣ.

ನಿನ್ನ,
ಬೆಳ್ಯಪ್ಪ