ಹೊತ್ತುಕೊಂಡು ಹೋದವರಿಗೆ

ಕಳೆದ ವಾರ ಡಾಕ್ಟರ್ ರಿಪೋರ್ಟ್ ನೋಡಿ, ಇನ್ನು ಮೂರು ತಿಂಗಳಿಗೊಮ್ಮೆ ಬಂದು ತೋರಿಸಿಕೊಂಡು ಹೋಗಿ, ಸಾಕು ಅಂದರು. ಸ್ತನ ಕ್ಯಾನ್ಸರ್‌ನ ಆಪರೇಷನ್, ಕಿಮೋ, ರೇಡಿಯೇಷನ್ ಎಲ್ಲ ಮುಗಿದವು. ಮಾತ್ರೆಗಳನ್ನು ಇನ್ನೂ ವರ್ಷಗಟ್ಟಲೆ ನುಂಗಬೇಕು, ಅದು ಇರಲಿ. ಒಬ್ಬೊಬ್ಬರ ಮನೆಗೂ ಹೋಗಿ ಥ್ಯಾಂಕ್ಸ್ ಹೇಳುವಷ್ಟು ಶಕ್ತಿ ಇನ್ನೂ ಬಂದಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ನಮ್ಮ ಓಣಿಯಿಂದಲೇ ಶುರು ಮಾಡುತ್ತೇನೆ. ಕಿಮೋ ಹಾಕಿಸಿಕೊಂಡು ಬೀದರ್‌ಗೆ ಬಂದರೆ ಬಾಯಿಯೆಲ್ಲ ಕಬ್ಬಿಣದ ರುಚಿ, ಒಗ್ಗರಣೆ ವಾಸನೆ ಬಂದರೆ ಸಾಕು ವಾಂತಿ. ಹಿಂದಿನ ಮನೆಯ ಆಪಾ ರಂಜಾನ್ ತಿಂಗಳಲ್ಲಿ ತಾವು ಹನಿ ನೀರು ಕುಡಿಯದೆ ರೋಜಾ ಇದ್ದುಕೊಂಡು, ನನಗೆ ಮಧ್ಯಾಹ್ನ ಗಂಜಿ ಕಾಯಿಸಿ ತಂದರು. ಎದುರು ಮನೆಯ ಅಜ್ಜಿ ಬಸವಣ್ಣನ ಫೋಟೊಕ್ಕೆ ಹೂವಿಡದೆ ಚಹಾ ಕೂಡ ಕುಡಿಯುವವರಲ್ಲ, ಅವರು ಜೋಳದ ನುಚ್ಚಿಗೆ ಮಜ್ಜಿಗೆ ಕಲಸಿ ಚಮಚದಲ್ಲಿ ತಿನ್ನಿಸಿದರು. ನಾನು ರೇಡಿಯೇಷನ್‌ಗೆ ಹೈದರಾಬಾದ್‌ನಲ್ಲಿ ಉಳಿದಿದ್ದಾಗ, ಅಡುಗೆ ಆಗದ ದಿನ ನಮ್ಮ ಮನೆಯವರು ಮಕ್ಕಳನ್ನು ಕರೆದುಕೊಂಡು ನಾನಕ್ ಝೀರಾ ಗುರುದ್ವಾರದ ಲಂಗರ್‌ಗೆ ಹೋಗುತ್ತಿದ್ದರು. ಅಲ್ಲಿ ಯಾರೂ ನೀನ್ಯಾರು ಅಂತ ಕೇಳುವುದಿಲ್ಲ, ತಟ್ಟೆ ಇಟ್ಟು ದಾಲ್ ರೊಟ್ಟಿ ಬಡಿಸುತ್ತಾರೆ. ಅಲ್ಲಿನ ದಾಲ್ ನನ್ನ ದಾಲ್‌ಗಿಂತ ಚೆನ್ನ ಅಂತ ಮಗಳು ಈಗಲೂ ಹೇಳುತ್ತಾಳೆ, ಹೇಳಲಿ.

ನಸುಕಿನಲ್ಲಿ ಸ್ಟೇಷನ್‌ಗೆ ಬಿಟ್ಟ ಆಟೊ ಅಣ್ಣ, ಗೊತ್ತಿಲ್ಲದ ನನಗೆ ರಕ್ತ ಕೊಟ್ಟ ಕಾಲೇಜು ಹುಡುಗರು, ಆಪರೇಷನ್ ಆದ ರಾತ್ರಿ ಬಲಗೈ ಎತ್ತಲಾಗದೆ ಅತ್ತಾಗ ತಲೆ ಬಾಚಿದ ನರ್ಸ್. ನಿಮ್ಮೆಲ್ಲರಿಗೂ ಶರಣು. ಆ ಕೂದಲು ಆಮೇಲೆ ಉದುರಿಹೋಯಿತು ಸಿಸ್ಟರ್, ಆದರೂ ಬಾಚಿದ್ದು ನೆನಪಿದೆ.

ಮಂಗಲಪೇಟೆಯ ನಮ್ಮ ಮೆಥೋಡಿಸ್ಟ್ ಚರ್ಚಿನವರಿಗೆ ಹೇಳುವುದು ಸ್ವಲ್ಪ ಜಾಸ್ತಿ ಇದೆ.

ನಾನು ಸುಮ್ನೆ ಕೂರುವವಳಲ್ಲ, ನಿಮಗೆ ಗೊತ್ತೇ ಇದೆ. ಕ್ವಾಯರ್, ಸಂಡೇ ಸ್ಕೂಲ್, ಮಹಿಳಾ ಕೂಟ, ಈಸ್ಟರ್‌ಗೆ ಮುಂಚಿನ ಶ್ರಮೆಕಾಲದ ಉಪವಾಸ, ಕ್ರಿಸ್ಮಸ್‌ಗೆ ಮನೆ ಮನೆ ಕ್ಯಾರಲ್. ಕಿಮೋ ಶುರುವಾದ ಮೇಲೆ ಒಂದೊಂದಾಗಿ ಎಲ್ಲ ನಿಂತವು. ಬಿಳಿ ರಕ್ತಕಣ ಕಡಿಮೆಯಾಗುತ್ತವೆ, ಸೋಂಕು ಬೇಗ ತಗಲುತ್ತದೆ, ಜನ ಸೇರುವ ಕಡೆ ಹೋಗಲೇಬೇಡಿ ಅಂದರು ಡಾಕ್ಟರ್. ಚರ್ಚ್ ಬಂದ್. ಉಪವಾಸ ಬಂದ್. ಕಾಣಿಕೆ ಹಾಕಲು ಕೈಯಲ್ಲಿ ದುಡ್ಡಿಲ್ಲ. ಕೊನೆಕೊನೆಗೆ ಪ್ರಾರ್ಥನೆಯೂ ಆಗಲಿಲ್ಲ, ಕಣ್ಣು ಮುಚ್ಚಿ "ಕರ್ತನೇ" ಅಂದರೆ ಅದರ ಮುಂದೆ ಮಾತೇ ಬರುತ್ತಿರಲಿಲ್ಲ. ದೇವರಿಗೆಂದು ಮಾಡುತ್ತಿದ್ದುದೆಲ್ಲ ನಿಂತುಹೋದರೆ ದೇವರ ಮುಂದೆ ನನ್ನ ಹತ್ತಿರ ಉಳಿಯುವುದಾದರೂ ಏನು?

ಪಾಸ್ಟರ್ ಮನೆಗೆ ಬಂದಾಗ ಇದನ್ನೇ ಕೇಳಿದೆ. ಮಾಸ್ಕ್ ಹಾಕಿಕೊಂಡು ಬಾಗಿಲ ಹತ್ತಿರವೇ ಕುರ್ಚಿ ಎಳೆದು ಕೂತಿದ್ದರು. ಉದ್ದ ಪ್ರಸಂಗ ಏನೂ ಮಾಡಲಿಲ್ಲ. ಯೇಸುಸ್ವಾಮಿಯ ಪಕ್ಕದ ಶಿಲುಬೆಯಲ್ಲಿದ್ದ ಕಳ್ಳ ದೇವರಿಗೆ ಏನು ಮಾಡಿದ ಹೇಳಮ್ಮ ಅಂದರು.

ಶಿಲುಬೆಯ ಮೇಲಿಂದ ಯೇಸುಸ್ವಾಮಿ ಆಡಿದ ಏಳು ಮಾತುಗಳನ್ನು ಶುಭ ಶುಕ್ರವಾರ ಧ್ಯಾನಿಸುತ್ತೇವಲ್ಲ, ಅವುಗಳಲ್ಲಿ ಎರಡನೆಯದು ಅವನಿಗೆ ಹೇಳಿದ ಮಾತು, ಪ್ರತಿ ವರ್ಷ ಕೇಳುತ್ತೇವೆ. ಏನು ಮಾಡಿದ ಅವನು? ಮಾಡೋಕೆ ಏನಿತ್ತು, ಕೈಕಾಲು ಶಿಲುಬೆಯಲ್ಲಿ. ದೀಕ್ಷಾಸ್ನಾನ ಇಲ್ಲ, ಕಾಣಿಕೆ ಇಲ್ಲ, ಕದ್ದದ್ದನ್ನು ವಾಪಸ್ ಕೊಡುವಷ್ಟು ಟೈಮ್ ಕೂಡ ಇಲ್ಲ. ನಮಗೆ ಆಗುತ್ತಿರುವುದು ನ್ಯಾಯವೇ, ಈತ ಮಾತ್ರ ಯಾವ ತಪ್ಪೂ ಮಾಡಿಲ್ಲ ಅಂದ. ನಿನ್ನ ರಾಜ್ಯಕ್ಕೆ ಬಂದಾಗ ನನ್ನನ್ನು ನೆನೆಸಿಕೋ ಅಂದ. ಅಷ್ಟಕ್ಕೇ, ಇವತ್ತೇ ನನ್ನ ಸಂಗಡ ಪರದೈಸಿನಲ್ಲಿ ಇರುತ್ತೀ ಅಂತ ಯೇಸುಸ್ವಾಮಿ ಮಾತು ಕೊಟ್ಟುಬಿಟ್ಟರು.

ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯದ 8, 9ನೆಯ ವಚನಗಳನ್ನು ಸಂಡೇ ಸ್ಕೂಲಿನ ಮಕ್ಕಳಿಗೆ ಬಾಯಿಪಾಠ ಮಾಡಿಸುವವಳು ನಾನೇ. ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ಆಗುವುದು ಕೃಪೆಯಿಂದ, ನಂಬಿಕೆಯ ಮೂಲಕ, ಅದು ನಮ್ಮ ಕೆಲಸಗಳಿಂದ ಬಂದದ್ದಲ್ಲ, ದೇವರು ಕೊಟ್ಟದ್ದು, ಆದ್ದರಿಂದ ಯಾರೂ ಹೊಗಳಿಕೊಳ್ಳುವ ಹಾಗಿಲ್ಲ ಅಂತ ಅದರ ಅರ್ಥ. ಮಾಡಲು ಏನೂ ಉಳಿಯದಿದ್ದಾಗ ಆ ವಚನದ ಭಾರ ಗೊತ್ತಾಯಿತು. ಚೆನ್ನಾಗಿದ್ದಾಗಲೂ ನಾನು ನಿಂತಿದ್ದು ಅದರ ಮೇಲೆಯೇ, ಕ್ವಾಯರ್ ಮೇಲೆ ನಿಂತಿರಲಿಲ್ಲ.

ಮೆಥೋಡಿಸ್ಟ್ ಪಂಥ ಶುರು ಮಾಡಿದ ನಮ್ಮ ಜಾನ್ ವೆಸ್ಲಿಗೂ ಹೀಗೇ ಆಗಿತ್ತು ಅಂತ ಪಾಸ್ಟರ್ ನೆನಪಿಸಿದರು. ಆಕ್ಸ್‌ಫರ್ಡ್‌ನಲ್ಲಿ ಉಪವಾಸ, ಜೈಲಿನಲ್ಲಿದ್ದವರ ಸೇವೆ, 1735ರಲ್ಲಿ ಹಡಗು ಹತ್ತಿ ಅಮೆರಿಕದ ಜಾರ್ಜಿಯಾಕ್ಕೆ ಸುವಾರ್ತೆ ಸಾರಲು ಪ್ರಯಾಣ, ಎಲ್ಲ ಆಗಿದ್ದರೂ ಮನುಷ್ಯನಿಗೆ ನೆಮ್ಮದಿ ಇರಲಿಲ್ಲ. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟಕ್ಕೆ ಒಲ್ಲದ ಮನಸ್ಸಿನಿಂದಲೇ ಹೋಗಿದ್ದರು. ಅಲ್ಲಿ ಯಾರೋ ಬೈಬಲಿನ ರೋಮಾಪುರದವರ ಪತ್ರಿಕೆಗೆ ಜರ್ಮನಿಯ ಸುಧಾರಕ ಮಾರ್ಟಿನ್ ಲೂಥರ್ ಬರೆದ ಮುನ್ನುಡಿ ಓದುತ್ತಿದ್ದರಂತೆ. ಅದನ್ನು ಕೇಳುತ್ತಾ ಕೂತಾಗ, ನನ್ನ ರಕ್ಷಣೆಗೆ ಕ್ರಿಸ್ತನೊಬ್ಬನೇ ಸಾಕು ಅನ್ನುವ ಭರವಸೆ ಬಂತು ಅಂತ ಡೈರಿಯಲ್ಲಿ ಬರೆದಿಟ್ಟಿದ್ದಾರೆ. ಪಾದ್ರಿಯಾದ ಮೇಲೆ ಪಾದ್ರಿಗೇ ಸಿಕ್ಕ ಭರವಸೆ! ಓದಿ ನನಗೆ ನಗುವೂ ಬಂತು, ಧೈರ್ಯವೂ ಬಂತು.

ಈ ನಡುವೆ ಒಬ್ಬರು ಬಂದು, ನಿನಗೆ ನಂಬಿಕೆ ಕಡಿಮೆ, ಅದಕ್ಕೇ ಗಡ್ಡೆ ಬಂತು, ಪೂರ್ತಿ ನಂಬಿದ್ದರೆ ಆಸ್ಪತ್ರೆಯೇ ಬೇಕಿರಲಿಲ್ಲ ಅಂದು ಹೋದರು. ಹೆಸರು ಬೇಡ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಕೆಲಸಗಳ ಜಾಗದಲ್ಲಿ ನಂಬಿಕೆಯನ್ನೇ ತಕ್ಕಡಿಗೆ ಹಾಕಿ ತೂಗಿದರೆ, ಅದೂ ಇನ್ನೊಂದು ಕೆಲಸವೇ ಆಯಿತಲ್ವಾ? ಮಾರ್ಕನ ಸುವಾರ್ತೆಯಲ್ಲಿ ಮಗನನ್ನು ವಾಸಿ ಮಾಡು ಅಂತ ಬಂದ ಒಬ್ಬ ತಂದೆ, ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಅಂತ ಕೂಗುತ್ತಾನೆ. ಅರ್ಧ ನಂಬಿಕೆ, ಅರ್ಧ ಅನುಮಾನ. ಯೇಸುಸ್ವಾಮಿ ಅವನನ್ನು ಬರಿಗೈಯಲ್ಲಿ ಕಳಿಸಲಿಲ್ಲ. ನನ್ನ ಹಿಡಿತ ಎಷ್ಟು ಗಟ್ಟಿ ಅನ್ನುವುದಕ್ಕಿಂತ, ಹಿಡಿದುಕೊಂಡಿರುವುದು ಯಾರನ್ನು ಅನ್ನುವುದೇ ಮುಖ್ಯ.

ಅದೇ ಮಾರ್ಕನ ಸುವಾರ್ತೆಯ 2ನೆಯ ಅಧ್ಯಾಯ ನನಗೆ ಈಗ ತುಂಬ ಹತ್ತಿರ. ಕಪೆರ್ನೌಮಿನಲ್ಲಿ ಪಾರ್ಶ್ವವಾಯು ಹೊಡೆದವನೊಬ್ಬನನ್ನು ನಾಲ್ಕು ಜನ ಹಾಸಿಗೆ ಸಮೇತ ಹೊತ್ತು ತರುತ್ತಾರೆ. ಬಾಗಿಲಲ್ಲಿ ಕಾಲಿಡಲು ಜಾಗವಿಲ್ಲ. ಮಾಳಿಗೆ ಹತ್ತುತ್ತಾರೆ. ಅಲ್ಲಿನ ಮನೆಗಳೂ ನಮ್ಮ ಹಳ್ಳಿಗಳ ಮಣ್ಣಿನ ಮಾಳಿಗೆ ಮನೆಗಳ ಥರಾನೇ, ಮೇಲೆ ತೊಲೆ, ಕಟ್ಟಿಗೆ, ಮಣ್ಣು. ಅದನ್ನು ಅಗೆದು ತೂತು ಮಾಡಿ ಹಾಸಿಗೆ ಇಳಿಸುತ್ತಾರೆ. (ಮನೆ ಯಜಮಾನ ಏನಂದನೋ, ಬೈಬಲ್ ಹೇಳುವುದಿಲ್ಲ.) ಯೇಸುಸ್ವಾಮಿ ನೋಡಿದ್ದು ಅವರ ನಂಬಿಕೆಯನ್ನು, ಅಂದರೆ ಹೊತ್ತವರ ನಂಬಿಕೆಯನ್ನೂ. ನನ್ನ ಬಾಯಲ್ಲಿ ಪ್ರಾರ್ಥನೆ ಬರದ ರಾತ್ರಿಗಳಲ್ಲಿ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಹಾಕಿ ನನ್ನ ಪರವಾಗಿ ಪ್ರಾರ್ಥಿಸಿದ ಮಹಿಳಾ ಕೂಟದ ಅಕ್ಕಂದಿರೇ, ನನ್ನ ಹಾಸಿಗೆ ಹೊತ್ತವರು ನೀವೇ.

ಇನ್ನೊಂದು ಮಾತಿದೆ ಆ ಕಥೆಯಲ್ಲಿ. ಆ ರೋಗಿಗೆ ಯೇಸುಸ್ವಾಮಿ ಮೊದಲು ಹೇಳಿದ್ದು ಎದ್ದು ನಡೆ ಅಂತಲ್ಲ. ಮಗನೇ, ನಿನ್ನ ಪಾಪಗಳು ಕ್ಷಮಿಸಲ್ಪಟ್ಟಿವೆ ಅಂತ. ನಡೆದದ್ದು ಆಮೇಲೆ. ಯೇಸು ನಿನ್ನನ್ನು ವಾಸಿ ಮಾಡಿದರಂತೆ, ಹೌದಾ ಅಂತ ತುಂಬ ಜನ ಕೇಳುತ್ತಿದ್ದೀರಿ, ಅದಕ್ಕೇ ಇದನ್ನು ಬಿಡಿಸಿ ಹೇಳಬೇಕು. ವಾಸಿಯಾದದ್ದಕ್ಕೆ ದೇವರಿಗೆ ಸ್ತೋತ್ರ, ಡಾಕ್ಟರಿಗೂ ಕೈ ಮುಗಿಯುತ್ತೇನೆ. ಆದರೆ ನನ್ನ ಪಕ್ಕದ ಬೆಡ್‌ನಲ್ಲಿ ಔರಾದ್ ಕಡೆಯ ಒಬ್ಬ ತಾಯಿ ಇದ್ದರು. ದಿಂಬಿನ ಕೆಳಗೆ ಸತ್ಯವೇದ, ನನಗಿಂತ ಜಾಸ್ತಿ ನಂಬಿಕೆ, ರಾತ್ರಿ ನಾನು ಹೆದರಿದರೆ ಅವರೇ ಕೈ ಹಿಡಿಯುತ್ತಿದ್ದರು. ಅವರು ಉಳಿಯಲಿಲ್ಲ. ರಕ್ಷಣೆ ಅಂದರೆ ಕ್ಯಾನ್ಸರ್ ಹೋಗುವುದು ಅಂತಾದರೆ ಆ ತಾಯಿಗೆ ಸಿಕ್ಕಿಲ್ಲ ಅನ್ನಬೇಕಾಗುತ್ತದೆ. ನಾನು ಯಾವತ್ತೂ ಹಾಗೆ ಅನ್ನುವುದಿಲ್ಲ. ನನಗೆ ಸಿಕ್ಕ ರಕ್ಷಣೆಯೇ ಅವರಿಗೂ ಸಿಕ್ಕಿದೆ, ಒಂದು ಗುಂಜಿಯಷ್ಟೂ ಕಡಿಮೆಯಿಲ್ಲ. ಅವರ ಮಕ್ಕಳು ಇದನ್ನು ಓದುತ್ತಿದ್ದರೆ, ನಿಮ್ಮ ಅಮ್ಮನಿಗೂ ನನ್ನ ಥ್ಯಾಂಕ್ಸ್.

ಹಾಗಾದರೆ ನೀವು ನಂಬುವುದು ಏನು ಅಂತ ಎದುರು ಮನೆ ಅಜ್ಜಿ ಒಮ್ಮೆ ನೇರವಾಗಿ ಕೇಳಿದರು. ಅವರಿಗೆ ಹೇಳಿದಷ್ಟೇ ಇಲ್ಲೂ ಬರೆಯುತ್ತೇನೆ. ಎಲ್ಲರೂ ಪಾಪ ಮಾಡಿದವರೇ, ದೇವರಿಂದ ದೂರ ಹೋದವರೇ, ಅದರಲ್ಲಿ ನಾನೂ ಇದ್ದೇನೆ. ಆ ದೂರವನ್ನು ಒಳ್ಳೆಯತನದಿಂದ ದಾಟಲು ನಮ್ಮಿಂದ ಆಗುವುದಿಲ್ಲ. ದೇವರ ಮಗನಾದ ಯೇಸು ಕ್ರಿಸ್ತ ನಮ್ಮ ಪಾಪವನ್ನು ಹೊತ್ತು ಶಿಲುಬೆಯಲ್ಲಿ ಸತ್ತು, ಮೂರನೆಯ ದಿನ ಎದ್ದು ಬಂದರು. ಅವರ ಕಡೆಗೆ ತಿರುಗಿ, ಅವರನ್ನು ನಂಬಿದವರಿಗೆ ಕ್ಷಮೆಯೂ ನಿತ್ಯಜೀವವೂ ಉಂಟು. ಫಿಲಿಪ್ಪಿಯ ಸೆರೆಮನೆಯ ಯಜಮಾನ ಭೂಕಂಪದ ರಾತ್ರಿ ನಡುಗುತ್ತಾ, ರಕ್ಷಣೆ ಹೊಂದಲು ಏನು ಮಾಡಬೇಕು ಅಂತ ಕೇಳಿದಾಗ ಅಲ್ಲಿ ಸೆರೆಯಲ್ಲಿದ್ದ ಪೌಲ, ಸೀಲ ಕೊಟ್ಟ ಉತ್ತರವೂ ಇಷ್ಟೇ, ಕರ್ತನಾದ ಯೇಸುವನ್ನು ನಂಬು. ಆಮೇಲೆ ಆ ಮನುಷ್ಯ ಅದೇ ರಾತ್ರಿ ಅವರ ಗಾಯ ತೊಳೆದು ಊಟಕ್ಕಿಟ್ಟ. ಒಳ್ಳೆಯ ಕೆಲಸ ಎಲ್ಲಿ ಬರುತ್ತದೆ ಅಂದರೆ ಅಲ್ಲಿ, ನಂಬಿದ ಮೇಲೆ. ಯಾಕೋಬನ ಪತ್ರಿಕೆ ಕ್ರಿಯೆಗಳಿಲ್ಲದ ನಂಬಿಕೆ ಸತ್ತದ್ದು ಅನ್ನುವುದೂ ಇದನ್ನೇ. ಅಜ್ಜಿ ಎಲ್ಲ ಕೇಳಿ, ಆಯ್ತವ್ವ, ಈಗ ನುಚ್ಚು ತಿನ್ನು ಅಂದರು. ನಮ್ಮ ಸ್ನೇಹ ಹಾಗೇ ಇದೆ.

ಈಗ ನನಗೆ ಕ್ವಾಯರ್‌ಗೆ ಮರಳುವ ಆಸೆ. ದನಿ ಇನ್ನೂ ಸರಿಯಾಗಿಲ್ಲ, ಹಿಂದಿನ ಸಾಲಿನಲ್ಲಿ ಜಾಗ ಕೊಡಿ. ಸಂಡೇ ಸ್ಕೂಲ್ ಮಕ್ಕಳು ಮಾಡಿ ಕಳಿಸಿದ ಕಾರ್ಡುಗಳೆಲ್ಲ ಫ್ರಿಜ್ ಮೇಲಿವೆ. ಅದರಲ್ಲಿ ಒಬ್ಬಳು "ಬೇಗ ಬನ್ನಿ, ಹೊಸ ಟೀಚರ್ ಬಿಸ್ಕೆಟ್ ಕೊಡಲ್ಲ" ಅಂತ ಬರೆದಿದ್ದಾಳೆ.

ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ನಮ್ಮ ಮನೆಯಲ್ಲಿ ಊಟ. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಇರುತ್ತದೆ. ಮಟನ್ ಬೇರೆ ಪಾತ್ರೆಯಲ್ಲಿ, ಬೇರೆ ಒಲೆಯಲ್ಲಿ, ಅಜ್ಜಿ ಚಿಂತೆ ಮಾಡುವುದು ಬೇಡ. ಆಪಾ, ಮಟನ್ ತರುವುದು ನೀವು ಹೇಳಿದ ಅಂಗಡಿಯಿಂದಲೇ. ಚರ್ಚಿಗೆ ಬಂದವರು, ಬರದವರು ಎಲ್ಲರೂ ಬನ್ನಿ. ಆಹೇರ ಮಾತ್ರ ಯಾರೂ ತರಬೇಡಿ, ತಂದರೆ ನಮ್ಮ ಮನೆಯವರು ಬಾಗಿಲಲ್ಲೇ ವಾಪಸ್ ಕೊಡುತ್ತಾರೆ.